22 ಕಾರು, ಒಂದು ಹುರುಳಿ ಒಕ್ಕಣೆ: ಮೇಲುಕೋಟೆ ಕಡೆ ಹೋದ ನಮ್ಮ ಕ್ಲಬ್ ಡ್ರೈವ್‌ನ ಪೂರ್ತಿ ಕಥೆ

ಮೈಸೂರಿನ ಒಂದು ಕಾರ್ ಕ್ಲಬ್‌ನಲ್ಲಿ ನಡೆದ ವಿಷಯ ಇದು. ಆ ಕ್ಲಬ್‌ನ ಡ್ರೈವ್‌ಗಳನ್ನ ನೋಡ್ಕೊಳ್ಳೋ ಮೂರು ಜನರಲ್ಲಿ ನಾನೂ ಒಬ್ಬಳು. ಕ್ಲಬ್ ಹೆಸರು, ಸದಸ್ಯರ ಹೆಸರು, ಆ ಹಳ್ಳಿ ಹೆಸರು ಯಾವುದನ್ನೂ ಬರೀತಿಲ್ಲ, ಕಾರುಗಳ ವಿವರಾನೂ ಅಲ್ಲಲ್ಲಿ ಸ್ವಲ್ಪ ಬದಲಿಸಿದ್ದೀನಿ, ಯಾಕಂದ್ರೆ ಆವತ್ತು ಯಾರ ತಪ್ಪು ಅಂತ ಹುಡುಕೋದು ನನ್ನ ಉದ್ದೇಶ ಅಲ್ಲ. ಬೇರೆ ಊರಲ್ಲಿ ಇಂಥ ಡ್ರೈವ್ ಮಾಡೋರಿಗೆ ನಾವು ಎಲ್ಲಿ ಯಾವ ನಿರ್ಧಾರ ತಗೊಂಡ್ವಿ, ಅದರಿಂದ ಏನಾಯ್ತು ಅನ್ನೋದು ಗೊತ್ತಾಗ್ಲಿ ಅಂತ ಬರೀತಿದ್ದೀನಿ.

ಹಿನ್ನೆಲೆ

ಕ್ಲಬ್‌ನಲ್ಲಿ ಸುಮಾರು 40 ಜನ ಇದೀವಿ. ಅರ್ಧಕ್ಕರ್ಧ ಹಳೇ ಗಾಡಿಗಳು, ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್, ಮೊದಮೊದಲ ಮಾರುತಿ 800, ಒಂದು ಕಾಂಟೆಸ್ಸಾ, ಎರಡು ಹಳೇ ಜೀಪು. ಮಿಕ್ಕಿದ್ದೆಲ್ಲಾ ಈಗಿನ ಕಾರುಗಳು. ಆಗೆಲ್ಲಾ ವರ್ಷಕ್ಕೊಂದು ಸಲ ಸಂಕ್ರಾಂತಿ ಹಿಂದಿನ ಭಾನುವಾರ ಹಳ್ಳಿ ರಸ್ತೆ ಮೇಲೆ ಒಂದು ದಿನದ ಡ್ರೈವ್ ಇಟ್ಕೋತಿದ್ವಿ. ಜನವರಿ ಯಾಕಂದ್ರೆ ಬೆಳಗ್ಗೆ ತಂಪಿರುತ್ತೆ, ಹಳೇ ಇಂಜಿನ್‌ಗಳು ಬಿಸಿ ಆಗೋದು ಕಮ್ಮಿ, ಹೊಲದ ಕಡೆ ಅವರೆಕಾಯಿ ಸೊಗಡು ಬರ್ತಿರುತ್ತೆ. ಮನೆಮಂದಿ ಎಲ್ಲಾ ಬರ್ತಾರೆ, ಆ ಸಲ 22 ಕಾರು, 51 ಜನ.

ದಾರಿ ಹೀಗಿತ್ತು: ಮೈಸೂರು, ಶ್ರೀರಂಗಪಟ್ಟಣ, ಪಾಂಡವಪುರ, ಕೆರೆ ತೊಣ್ಣೂರು, ಜಕ್ಕನಹಳ್ಳಿ ಮೇಲೆ ಮೇಲುಕೋಟೆ, ಅಲ್ಲಿಂದ ಕೆ.ಆರ್.ಪೇಟೆ ಹತ್ರದ ಹೊಸಹೊಳಲು, ವಾಪಸ್ ಚಿನಕುರಳಿ, ಕೆಆರ್‌ಎಸ್, ಮೈಸೂರು. ಹೆಚ್ಚುಕಡಿಮೆ 140 ಕಿಲೋಮೀಟರ್. ಈ ದಾರೀಲಿ ನಂಗೆ ಇಷ್ಟ ಆಗೋದು ಏನಂದ್ರೆ ಒಂದೇ ದಿನದಲ್ಲಿ ಎರಡು ಥರದ ಮಂಡ್ಯ ಸಿಗುತ್ತೆ. ಪಾಂಡವಪುರದವರೆಗೂ ನಾಲೆ ನೀರಿನ ಕಬ್ಬು, ಭತ್ತ, ತೆಂಗು. ಮೇಲುಕೋಟೆ ಬೆಟ್ಟ ಹತ್ತಿ ಆ ಕಡೆ ಇಳಿದ್ರೆ ಮಳೆ ನಂಬ್ಕೊಂಡಿರೋ ರಾಗಿ, ಹುರುಳಿ ಹೊಲ, ಕಲ್ಲುಬಂಡೆ, ಬೇಲಿ ಪಕ್ಕ ಕುರಿ ಮಂದೆ. ಕೊನೇಗೆ 1250ರಲ್ಲಿ ಕಟ್ಟಿದ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಸ್ಥಾನ, ಬೇಲೂರಿನಷ್ಟು ಜನ ಇರಲ್ಲ, ಗೋಡೆ ಮೇಲಿನ ರಾಮಾಯಣದ ಸಾಲನ್ನ ಮಕ್ಕಳಿಗೆ ನಿಧಾನವಾಗಿ ತೋರಿಸಬಹುದು.

ಪ್ಲಾನ್ ಮಾಡುವಾಗ ಮೊದಲ ಗಟ್ಟಿ ನಿರ್ಧಾರ ಆಗಿದ್ದು ನಾಲೆ ವಿಷಯದಲ್ಲಿ. ಒಬ್ಬ ಹಿರಿಯ ಸದಸ್ಯರು ಪಾಂಡವಪುರದ ಹತ್ರ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ ಹೋಗೋಣ, ಫೋಟೋಗೆ ಅದಕ್ಕಿಂತ ಚೆನ್ನಾಗಿರೋ ಜಾಗ ಇಲ್ಲ ಅಂದ್ರು. ನಿಜಾನೇ, ಒಂದು ಕಡೆ ತುಂಬಿದ ನೀರು, ಇನ್ನೊಂದು ಕಡೆ ಗದ್ದೆ. ಆದ್ರೆ 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ರ ಇದೇ ನಾಲೆಗೆ ಖಾಸಗಿ ಬಸ್ ಬಿದ್ದು 30 ಜನ ಹೋದ್ರು, ಅದರಲ್ಲಿ ಶಾಲೆ ಮಕ್ಕಳೂ ಇದ್ರು. ಆಮೇಲೂ ಆ ನಾಲೆಗೆ ಕಾರುಗಳು ಬಿದ್ದಿವೆ. ತಡೆಗೋಡೆ ಇಲ್ಲದ ಏರಿ ಮೇಲೆ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದ್ರೆ ಒಂದು ಕಾರು ಹಿಂದಕ್ಕೆ ಹೋಗ್ಬೇಕು, ಅದರ ಹಿಂದೆ 21 ಕಾರು ನಿಂತಿದ್ರೆ ಅದು ಎಲ್ಲಿಗೆ ಹೋಗುತ್ತೆ? ನಾನು ಬೇಡ ಅಂದೆ, ಮಾತು ಸ್ವಲ್ಪ ಬಿಸಿ ಆಯ್ತು, ಕೊನೇಗೆ ಅವರೇ ಒಪ್ಪಿದ್ರು. ಈ ಒಂದು ನಿರ್ಧಾರದ ಬಗ್ಗೆ ನಂಗೆ ಇವತ್ತಿಗೂ ಎರಡು ಮಾತಿಲ್ಲ.

ರೆಕಿ, ಅಂದ್ರೆ ಮುಂಚೇನೇ ಹೋಗಿ ದಾರಿ ನೋಡ್ಕೊಂಡು ಬರೋದು, ಮಾಡಿದ್ದು ಅಕ್ಟೋಬರ್‌ನಲ್ಲಿ, ಒಂದು ಶನಿವಾರ. ಮೂರು ಜನ ಒಂದು ಕಾರಲ್ಲಿ ಹೋಗಿ, ಓಡೋಮೀಟರ್ ನೋಡ್ಕೊಂಡು ಪ್ರತಿ ತಿರುವನ್ನ ಪುಸ್ತಕದಲ್ಲಿ ಬರ್ಕೊಂಡ್ವಿ. ಆಗಷ್ಟೇ ಮಳೆ ಆಗಿತ್ತು, ಎಲ್ಲಾ ಹಸಿರು. ಮೇಲುಕೋಟೆಯಿಂದ ಕೆ.ಆರ್.ಪೇಟೆಗೆ ದೊಡ್ಡ ರಸ್ತೆ ಇದೆ, ಅದನ್ನ ಬಿಟ್ಟು ನಾವೊಂದು ಒಳದಾರಿ ಹುಡುಕಿದ್ವಿ. ಹೊಸ ಟಾರು, ಎರಡು ಕಡೆ ಹುಣಸೆ ಮರ, ಮಧ್ಯ ಒಂದು ಸಣ್ಣ ಕೆರೆ. ಮೂರು ಜನಕ್ಕೂ ಇದೇ ಈ ಸಲದ ಡ್ರೈವ್‌ನ ಜೀವ ಅನ್ನಿಸ್ತು. ಅಕ್ಟೋಬರ್ ರಸ್ತೆ ಜನವರೀಲಿ ಬೇರೆ ರಸ್ತೆ ಆಗಿರುತ್ತೆ ಅನ್ನೋದು ತಲೇಗೇ ಬರ್ಲಿಲ್ಲ. ಮೂವರಲ್ಲಿ ಇಬ್ಬರ ಮನೇಲಿ ಹೊಲ ಇತ್ತು, ನಮ್ಮ ಮನೇಲೂ ಇತ್ತು, ಆದ್ರೂ ಹೊಳೀಲಿಲ್ಲ.

ಸಮಸ್ಯೆ ಶುರುವಾಗಿದ್ದು ಎಲ್ಲಿ

22 ಕಾರನ್ನೂ ಒಂದೇ ಸಾಲಲ್ಲಿ ಕರ್ಕೊಂಡು ಹೋಗೋದು ಅಂತ ತೀರ್ಮಾನ ಮಾಡಿದ್ವಿ. ಮುಂದೆ ಒಬ್ಬರು ದಾರಿ ಗೊತ್ತಿರೋರು, ಕೊನೇಲಿ ಒಬ್ಬ ಮೆಕ್ಯಾನಿಕ್ ಜೀಪಲ್ಲಿ, ಮಧ್ಯ ಎಲ್ಲರೂ. ನೋಡೋಕೆ ಚೆಂದ, ಎಲ್ಲರಿಗೂ ಒಟ್ಟಿಗೆ ಹೋಗೋ ಆಸೆ. ಆಮೇಲೆ ಕೂತು ಲೆಕ್ಕ ಹಾಕಿದಾಗ ಗೊತ್ತಾಯ್ತು, 40ರ ವೇಗದಲ್ಲಿ ಕಾರಿನಿಂದ ಕಾರಿಗೆ 3 ಸೆಕೆಂಡ್ ಅಂತರ ಬಿಟ್ರೆ ಒಂದೊಂದು ಕಾರೂ ತನ್ನ ಉದ್ದ ಸೇರಿ 37 ಮೀಟರ್ ಹಿಡಿಯುತ್ತೆ, ಅಂದ್ರೆ 22 ಕಾರಿನ ಸಾಲು 800 ಮೀಟರ್ ಮೇಲೆ. ಹಳ್ಳಿ ರಸ್ತೇಲಿ ಅಷ್ಟುದ್ದದ ಸಾಲನ್ನ ಒಂದು ಬೈಕ್ ಕೂಡ ನೆಮ್ಮದಿಯಾಗಿ ದಾಟಕ್ಕಾಗಲ್ಲ, ಹೊಲದಿಂದ ಬರೋ ಎತ್ತಿನಗಾಡಿ ರಸ್ತೆಗೆ ಹತ್ತಕ್ಕಾಗಲ್ಲ, ಹಸು ಹೊಡ್ಕೊಂಡು ಬರೋರು ನಿಂತೇ ಇರ್ಬೇಕು.

ಶ್ರೀರಂಗಪಟ್ಟಣ ದಾಟೋ ಹೊತ್ತಿಗೇ ಸಾಲು ಮೂರು ತುಂಡಾಗಿತ್ತು. ಜನವರಿ ಅಂದ್ರೆ ಆ ಕಡೆ ಕಬ್ಬು ಸಾಗಿಸೋ ಕಾಲ, ಟ್ರ್ಯಾಕ್ಟರ್‌ಗೆ ಎರಡೆರಡು ಟ್ರೇಲರ್ ಕಟ್ಟಿರ್ತಾರೆ, ಅಗಲಕ್ಕೆ ಕಬ್ಬು ಚಾಚಿರುತ್ತೆ. ಒಬ್ಬರು ಅದನ್ನ ದಾಟಿದ್ರೆ ಹಿಂದಿನವರು ನಾನೂ ದಾಟಬೇಕು ಅಂತ ಅವಸರ ಮಾಡ್ತಾರೆ, ಸಾಲು ಬಿಟ್ಟೋಗುತ್ತೆ ಅನ್ನೋ ಭಯ. ಆ ಭಯಾನೇ ಆವತ್ತಿನ ನಿಜವಾದ ಅಪಾಯ ಅಂತ ನಂಗೆ ಈಗ ಅನ್ಸುತ್ತೆ. ರಸ್ತೆ ಗೊತ್ತಿಲ್ಲದ ಮನುಷ್ಯ ಮುಂದಿನ ಕಾರಿನ ಹಿಂಬದಿ ದೀಪ ಬಿಟ್ಟು ಬೇರೇನೂ ನೋಡಲ್ಲ.

ತೊಣ್ಣೂರು ಕೆರೆ ಹತ್ರ 20 ನಿಮಿಷ ಅಂತ ಇಟ್ಟಿದ್ವಿ, 55 ನಿಮಿಷ ಆಯ್ತು. ಕೆರೆ ನೀರು ಅಷ್ಟು ತಿಳಿಯಾಗಿತ್ತು, ಯಾರಿಗೂ ಹೊರಡೋ ಮನಸ್ಸಿಲ್ಲ, ಅದು ಸಹಜ. ಆದ್ರೆ ಇನ್ನೊಂದು ಕಾರಣಾನೂ ಇತ್ತು. ಹೆಂಗಸರಿಗೆ, ವಯಸ್ಸಾದವರಿಗೆ ಟಾಯ್ಲೆಟ್ ಎಲ್ಲಿ ಅಂತ ನಾವು ನೋಡೇ ಇರ್ಲಿಲ್ಲ. ಮೂರು ಜನ ಅಜ್ಜಿಯಂದ್ರು, ಒಬ್ಬರು ಗರ್ಭಿಣಿ ಇದ್ರು. ಒಬ್ಬರನ್ನ ಹತ್ತಿರದ ಮನೆಯೊಂದಕ್ಕೆ ಕರ್ಕೊಂಡು ಹೋಗಿ, ಆ ಮನೆಯವರು ತುಂಬಾ ಒಳ್ಳೆಯವರು, ಕಾಫೀನೂ ಕೊಟ್ರು, ಹೀಗೆಲ್ಲಾ ಮಾಡೋ ಅಷ್ಟರಲ್ಲಿ ಹೊತ್ತು ಹೋಯ್ತು. ಹೆಂಗಸಾಗಿ ನಾನಾದ್ರೂ ಮೊದಲೇ ಕೇಳ್ಬೇಕಿತ್ತು, ಈ ವಿಷಯ ನಂಗೆ ಇನ್ನೂ ಬೇಜಾರಿದೆ.

ಜಕ್ಕನಹಳ್ಳೀಲಿ ಮೇಲುಕೋಟೆಗೆ ಎಡಕ್ಕೆ ತಿರುಗ್ಬೇಕು. ಮುಂದಿನ 13 ಕಾರು ತಿರುಗಿದ್ವು. ಒಂದು ಲಾರಿ ಅಡ್ಡ ಬಂದು ಹದಿನಾಲ್ಕನೇ ಕಾರು ತಡ ಆಗಿ, ಅದು ತಿರುವು ಕಾಣ್ದೆ ನೇರ ನಾಗಮಂಗಲ ಕಡೆ ಹೋಯ್ತು, ಅದನ್ನ ನೋಡ್ಕೊಂಡು ಮಿಕ್ಕಿದ ಎಂಟೂ ಹಿಂದೇನೇ ಹೋದ್ವು, ಕೊನೇ ಜೀಪು ಸೇರಿ. ಮುಂದಿದ್ದವರಿಗೆ ಇದು ಗೊತ್ತಾಗಿದ್ದು ಬೆಟ್ಟದ ಮೇಲೆ ರಾಯಗೋಪುರದ ಹತ್ರ ನಿಂತು ಕಾರು ಎಣಿಸಿದಾಗ. ಭಾನುವಾರ ಬೇರೆ, ಮೇಲುಕೋಟೇಲಿ ಕಾಲಿಡೋಕೆ ಜಾಗ ಇಲ್ಲ, ಪುಳಿಯೋಗರೆ ಅಂಗಡಿ ಮುಂದೆ ಕ್ಯೂ, ಪಾರ್ಕಿಂಗ್ ಹುಡುಕ್ತಾ ಒಂದು ಅಂಬಾಸಿಡರ್ ಏರಲ್ಲಿ ನಿಂತೇ ಹೋಯ್ತು. ಒಂದು ಪದ್ಮಿನೀಲಿ ಪೆಟ್ರೋಲ್ ಪಂಪ್ ಬಿಸಿಯಾಗಿ ಪೆಟ್ರೋಲ್ ಪೈಪಲ್ಲೇ ಆವಿ ಆಗ್ತಿತ್ತು, ಅವರ ಮನೆಯವರು ಒದ್ದೆ ಟವಲ್ ಪಂಪ್ ಮೇಲೆ ಹಾಕಿ, ಅದು ಒಣಗಿದ ಹಾಗೆ ಮತ್ತೆ ಮತ್ತೆ ನೀರು ಹನಿಸ್ತಾ ಕೂತಿದ್ರು. ಎಲ್ಲರೂ ಸೇರಿ ಊಟ ಮುಗಿಸೋ ಹೊತ್ತಿಗೆ 3 ಗಂಟೆ. ಲೆಕ್ಕದ ಪ್ರಕಾರ ಒಂದೂವರೆಗೇ ಹೊರಡ್ಬೇಕಿತ್ತು.

ಒಳದಾರಿ

ಇಲ್ಲಿ ನಾವು ಮೂವರೂ ಬೇವಿನ ಮರದ ಕೆಳಗೆ ನಿಂತು ಐದು ನಿಮಿಷ ಮಾತಾಡಿದ್ವಿ. ದೊಡ್ಡ ರಸ್ತೇಲಿ ಸೀದಾ ಹೊಸಹೊಳಲಿಗೆ ಹೋಗೋದಾ, ಒಳದಾರೀಲಿ ಹೋಗೋದಾ. ತಡ ಆಗಿದೆ, ದೊಡ್ಡ ರಸ್ತೇಲಿ ಹೋಗೋಣ ಅಂತ ಒಬ್ಬರು ಅಂದ್ರು. ಇಷ್ಟು ಜನ ಬಂದಿರೋದೇ ಆ ರಸ್ತೆಗೆ, ಅದನ್ನ ಬಿಟ್ರೆ ಏನು ಉಳೀತು ಅಂತ ನಾನಂದೆ. ನನ್ನ ಮಾತೇ ನಡೀತು. ಜೊತೆಗೆ, ಹೊತ್ತು ಹಿಡಿಯೋಕೆ ಸ್ವಲ್ಪ ಸ್ಪೀಡಾಗಿ ಹೋಗಿ ಅಂತ ಮುಂದಿನ ಕಾರಿಗೆ ಹೇಳಿದ್ದೂ ನಾನೇ.

ಒಳದಾರಿ ಹತ್ತಿ ನಾಲ್ಕೈದು ಕಿಲೋಮೀಟರ್ ಆಗಿತ್ತು. ಒಂದು ಊರು ದಾಟಿದ ಕೂಡಲೇ ರಸ್ತೆ ಪೂರ್ತಿ ಹುರುಳಿ. ಟಾರೇ ಕಾಣಲ್ಲ, ಮೊಣಕಾಲೆತ್ತರಕ್ಕೆ ಒಣಗಿದ ಬಳ್ಳಿ ಹಾಸಿದ್ದಾರೆ, ಹತ್ತಿರ ಹತ್ತಿರ 150 ಮೀಟರ್. ಕಣ ಮಾಡಕ್ಕೆ ಜಾಗ ಇಲ್ಲ, ಎತ್ತಿಲ್ಲ, ಆಳಿಲ್ಲ, ಹೋಗೋ ಬರೋ ಗಾಡಿ ಚಕ್ರಕ್ಕೆ ಸಿಕ್ಕಿ ಕಾಳು ಬಿಡ್ಲಿ ಅಂತ ರಸ್ತೇಲಿ ಒಕ್ಕಣೆ ಮಾಡ್ತಾರೆ, ನಮ್ಮ ಕಡೆ ಎಲ್ಲರೂ ನೋಡಿರೋದೇ. ಪೊಲೀಸರು ಮಾಡ್ಬೇಡಿ ಅಂತ ಪ್ರತಿ ವರ್ಷ ಹೇಳ್ತಾರೆ. ರಾಗಿ ಹುಲ್ಲಾದ್ರೆ ಹೆಚ್ಚಾಗಿ ಜಾರುತ್ತೆ, ಹುರುಳಿ ಹಾಗಲ್ಲ, ಅದರ ಬಳ್ಳಿ ನಾರಿನ ಥರ, ತಿರುಗೋ ಯಾವುದಕ್ಕಾದ್ರೂ ಸುತ್ಕೊಂಡು ಹುರಿ ಆಗ್ಬಿಡುತ್ತೆ. ಸೈಲೆನ್ಸರ್ ಪೈಪಿನ ಬಿಸಿಗೆ ಸಿಕ್ಕಿದ್ರೆ ಹೊತ್ಕೊಳ್ಳುತ್ತೆ. ಹೀಗೆ ಕಾರು ಸುಟ್ಟುಹೋಗಿರೋ ಸುದ್ದಿ ಪೇಪರಲ್ಲಿ ಬಂದಿದೆ.

ಮೊದಲ ನಾಲ್ಕು ಕಾರು ದಾಟಿದ್ವು. ಐದನೇದು ತಗ್ಗಾಗಿರೋ ಒಂದು ಸೆಡಾನ್. ಮಧ್ಯಕ್ಕೆ ಬರೋ ಹೊತ್ತಿಗೆ ಕೆಳಗಿಂದ ಪರಪರ ಅಂತ ಸದ್ದು, ಆಮೇಲೆ ಸುಟ್ಟ ವಾಸನೆ, ಬಾನೆಟ್ ಪಕ್ಕದಿಂದ ತೆಳ್ಳಗೆ ಹೊಗೆ. ಓಡಿಸ್ತಿದ್ದ ಹುಡುಗ ಗಾಬರಿಯಾಗಿ ಅಲ್ಲೇ, ಹುರುಳಿ ಮೇಲೇ, ಬ್ರೇಕ್ ಹಾಕಿ ನಿಲ್ಲಿಸ್ಬಿಟ್ಟ. ಹಿಂದೆ ಅವನ ತಾಯಿ, ಎರಡು ಮಕ್ಕಳು. ಅದರ ಹಿಂದೆ ಅವಸರದಲ್ಲಿ ಹತ್ತಿರ ಹತ್ತಿರ ಬಂದ ಹದಿನೇಳು ಕಾರೂ ನಿಂತ್ವು, ಅದರಲ್ಲಿ ಆರೇಳು ಒಣ ಬಳ್ಳಿ ಮೇಲೇನೇ ನಿಂತಿದ್ವು.

ರಸ್ತೆ ಬದೀಲಿ ಕಾಳು ತೂರ್ತಿದ್ದ ಒಬ್ಬ ಹೆಂಗಸು ಮೊರ ಬಿಸಾಕಿ ಓಡಿ ಬಂದ್ರು. "ಅಯ್ಯೋ, ಅಲ್ ನಿಲ್ಲುಸ್ಬ್ಯಾಡಿ ಕಣ್ರಪ್ಪೋ, ಮುಂದಕ್ ತಗೀರಿ ಮುಂದಕ್ಕೆ! ಸೆತ್ತೆ ಹೊತ್ಕತದೆ!" ಆ ಹುಡುಗನಿಗೆ ಇಳಿದು ಓಡೋಣ ಅನ್ನಿಸಿತ್ತಂತೆ. ಅವರ ದನಿ ಕೇಳಿ ಮೊದಲ ಗೇರ್ ಹಾಕಿ ಮೂವತ್ತು ನಲವತ್ತು ಮೀಟರ್ ಮುಂದೆ ಬರೀ ಟಾರು ಇರೋ ಕಡೆ ತಂದು ನಿಲ್ಲಿಸಿದ, ಮಕ್ಕಳನ್ನ ಇಳಿಸಿದ. ಇಡೀ ದಿನದ ತಿರುವು ಅದೇ. ಅಲ್ಲೇ ಬಿಟ್ಟು ಇಳಿದಿದ್ರೆ ಬೆಂಕಿ ಒಂದು ಕಾರಿಗೆ ನಿಲ್ತಿರ್ಲಿಲ್ಲ, ಆ ಮನೆಯವರ ಒಂದು ವರ್ಷದ ಬೆಳೇನೂ ಹೋಗ್ತಿತ್ತು.

ಫೈರ್ ಎಕ್ಸ್‌ಟಿಂಗ್ವಿಷರ್ ಇದ್ದಿದ್ದು 22ರಲ್ಲಿ 5 ಕಾರಲ್ಲಿ ಮಾತ್ರ. ಹತ್ತಿರ ಇದ್ದದ್ದು ಆರನೇ ಕಾರಿನಲ್ಲಿ, ಒಂದು ಕೆಜಿಯ ಪುಡಿ ಸಿಲಿಂಡರ್. ಎರಡು ಸಲ ಒತ್ತೋ ಅಷ್ಟರಲ್ಲಿ ಹೊಗೆ ನಿಂತಿತು. ಆಮೇಲೆ ಆ ಅಕ್ಕನ ಗಂಡ ಗೋಣಿಚೀಲ ಹಾಸಿ ಕಾರಿನ ಕೆಳಗೆ ಮಲಗಿ ಕುಡುಗೋಲಲ್ಲಿ ಕೊಯ್ದು ಕೊಯ್ದು ತೆಗೆದ್ರು. ನಾನು ಪಕ್ಕದಲ್ಲೇ ಮಂಡಿ ಊರಿ ಟಾರ್ಚ್ ಹಿಡ್ಕೊಂಡಿದ್ದೆ. ಚಕ್ರಕ್ಕೆ ಹೋಗೋ ಶಾಫ್ಟ್ ಮೇಲೆ ಬಳ್ಳಿ ನನ್ನ ಮುಂಗೈ ದಪ್ಪಕ್ಕೆ ಸುತ್ಕೊಂಡಿತ್ತು, ಹೊರಗೆ ಹಳದಿ, ಒಳಗೆ ಒಳಗೆ ಹೋದ ಹಾಗೆ ಕಂದು, ಕೊನೇ ಪದರ ಕಪ್ಪಗೆ ಇದ್ದಿಲಾಗಿತ್ತು. ಶಾಫ್ಟಿನ ತುದಿಗೆ ಮುಚ್ಚಿರೋ ರಬ್ಬರ್ ಕವಚ ಒಂದು ಕಡೆ ಕರಗಿತ್ತು. ಅವರು ಒಂದು ಮಾತೂ ಬೈಲಿಲ್ಲ. ಎದ್ದು ಮೈ ಕೊಡವಿಕೊಂಡು "ಇಷ್ಟೊಂದು ಗಾಡಿ ಬತ್ತವೆ ಅಂತ ಒಂದ್ ಮಾತ್ ಹೇಳಿದ್ರೆ ಬೆಳಗ್ಗೇನೇ ಒತ್ತರಿಸ್ತಿದ್ವಿ" ಅಂದ್ರು, ಅಷ್ಟೇ.

ಹಿಂದಿನ ಕಾರುಗಳನ್ನ ಒಂದೊಂದಾಗಿ ಹಿಂದಕ್ಕೆ ತೆಗೆಸಿ, ಊರಿನ ಹುಡುಗರ ಜೊತೆ ಸೇರಿ ನಮ್ಮವರೇ ಕವೆಕೋಲು ಹಿಡಿದು ಅರ್ಧ ರಸ್ತೆ ಬಿಡಿಸಿಕೊಂಡು ದಾಟಿದ್ವಿ. ಒಂದು ಗಂಟೆ ಹಿಡೀತು. ಆ ಒಂದು ಗಂಟೆ ಆ ಊರಿನ ಬಸ್ಸು, ಹಾಲಿನ ವ್ಯಾನು, ಕೂಲಿ ಮುಗಿಸಿ ಬರೋರು ಎಲ್ಲಾ ನಮ್ಮಿಂದ ನಿಂತಿದ್ರು. ಹೊಸಹೊಳಲು ಆವತ್ತು ಆಗ್ಲಿಲ್ಲ, ಕತ್ತಲಾಯ್ತು, ಹೆಡ್‌ಲೈಟ್ ಮಂಕಾಗಿರೋ ಹಳೇ ಕಾರುಗಳನ್ನ ಮಧ್ಯ ಹಾಕ್ಕೊಂಡು ದೊಡ್ಡ ರಸ್ತೇಲಿ ಮೈಸೂರು ಸೇರಿದಾಗ ರಾತ್ರಿ 9.

ಆಮೇಲೆ ಏನು ಮಾಡಿದ್ವಿ

ಮುಂದಿನ ಭಾನುವಾರ ಮೀಟಿಂಗ್. ಇನ್ಮುಂದೆ ಹೈವೇ ಡ್ರೈವ್ ಮಾತ್ರ ಇಟ್ಕೊಳ್ಳೋಣ ಅಂದ್ರು ಕೆಲವರು. ರೈತರು ರಸ್ತೇಲಿ ಒಕ್ಕಣೆ ಮಾಡೋದು ತಪ್ಪು, ಕಂಪ್ಲೇಂಟ್ ಕೊಡ್ಬೇಕು ಅಂದ್ರು ಇನ್ನು ಕೆಲವರು. ಎರಡಕ್ಕೂ ನಾನು ಒಪ್ಪಲಿಲ್ಲ. ರಸ್ತೇಲಿ ಒಕ್ಕಣೆ ಅಪಾಯ ಅನ್ನೋದು ನಿಜ, ಬೈಕಿನವರು ಜಾರಿ ಬೀಳ್ತಾರೆ, ಅದನ್ನ ಯಾರೂ ಒಳ್ಳೇದು ಅನ್ನಲ್ಲ. ಆದ್ರೆ ಆವತ್ತು ಹೊಗೆ ಬಂದಿದ್ದು ಹುರುಳಿಯಿಂದ ಮಾತ್ರ ಅಲ್ಲ. ಊಟ ತಡ ಆಗಿದ್ದಕ್ಕೆ ಅವಸರ, ಅವಸರಕ್ಕೆ ಕಾರುಗಳ ಅಂತರ ಕಮ್ಮಿ, ಅಂತರ ಕಮ್ಮಿಯಾಗಿದ್ದಕ್ಕೆ ಮುಂದೆ ನಿಂತ್ರೆ ಹಿಂದಿನವರೂ ಬಳ್ಳಿ ಮೇಲೇ ನಿಲ್ಲೋ ಹಾಗಾಯ್ತು, ಊಟ ತಡ ಆಗಿದ್ದು ಜಕ್ಕನಹಳ್ಳೀಲಿ ಸಾಲು ತುಂಡಾಗಿದ್ದಕ್ಕೆ, ಅದು ತುಂಡಾಗಿದ್ದು 22 ಕಾರನ್ನ ಒಂದೇ ಹಗ್ಗದಲ್ಲಿ ಕಟ್ಟಕ್ಕೆ ಹೋಗಿದ್ದಕ್ಕೆ. ಮೊದಲ ಗಂಟು ಅಲ್ಲಿತ್ತು.

ಅದಕ್ಕೆ ಮುಂದಿನ ವರ್ಷ ಸಾಲನ್ನೇ ಬಿಟ್ವಿ. ಐದೈದು ಕಾರಿನ ಗುಂಪು, ಗುಂಪಿಂದ ಗುಂಪಿಗೆ 10 ನಿಮಿಷ. ಐದು ಕಾರು ಅಂದ್ರೆ 200 ಮೀಟರ್ ಒಳಗೆ, ಒಬ್ಬ ಬೈಕಿನವನು ದಾಟಬಹುದು, ಕುರಿ ಮಂದೆಗೆ ದಾರಿ ಬಿಡಬಹುದು. ಪ್ರತಿ ಗುಂಪಲ್ಲಿ ಎಲ್ಲಕ್ಕಿಂತ ನಿಧಾನದ ಗಾಡೀನ ಮುಂದಿನಿಂದ ಎರಡನೇದಾಗಿ ಇಟ್ವಿ, ಮುಂದಿನವರು ಕನ್ನಡೀಲಿ ಅದನ್ನ ನೋಡ್ಕೊಂಡೇ ಓಡಿಸ್ಬೇಕು. ತಿರುವಿಗೆ ಒಂದೇ ನಿಯಮ: ನಿನ್ನ ಹಿಂದಿನ ಕಾರು ಕಾಣೋವರೆಗೂ ನೀನು ತಿರುವಲ್ಲೇ ನಿಲ್ಲು. ಇದರಿಂದ ದಾರಿ ಗೊತ್ತಿಲ್ಲದವರಿಗೂ ಭಯ ಹೋಯ್ತು, ಯಾಕಂದ್ರೆ ಮುಂದಿನವರು ಬಿಟ್ಟು ಹೋಗಲ್ಲ ಅಂತ ಗೊತ್ತು. ಜೊತೆಗೆ ಎಲ್ಲರಿಗೂ ತಿರುವುಗಳ ಹಾಳೆ ಪ್ರಿಂಟ್ ಮಾಡಿ ಕೊಟ್ವಿ, ಬೆಟ್ಟದ ಆ ಕಡೆ ನೆಟ್‌ವರ್ಕ್ ನಂಬೋ ಹಾಗಿಲ್ಲ. ಹಾಳೇಲಿ ಟಾಯ್ಲೆಟ್ ಇರೋ ಜಾಗ ಮೊದಲು, ಫೋಟೋ ಜಾಗ ಆಮೇಲೆ. ಎಕ್ಸ್‌ಟಿಂಗ್ವಿಷರ್ ಇಲ್ಲದ ಕಾರಿಗೆ ಹೆಸರು ಬರ್ಕೊಳ್ಳಲ್ಲ ಅಂದ್ವಿ, ಅದಕ್ಕೆ ಮೂರು ಜನ ಮುನಿಸಿಕೊಂಡು ಬರ್ಲಿಲ್ಲ, ಇರ್ಲಿ. ಮೇಲುಕೋಟೇಲಿ ಊಟ ಬಿಟ್ಟು, ಬೆಳಗ್ಗೆ 8ಕ್ಕೆ ಮುಂಚೆ ಮುಟ್ಟಿ ಕಲ್ಯಾಣಿ ನೋಡ್ಕೊಂಡು ಇಳಿಯೋದು ಅಂತ ಬದಲಿಸಿದ್ವಿ, ಬಿಸಿಲೇರೋ ಮುಂಚೆ ಹತ್ತಿದ್ದಕ್ಕೆ ಪದ್ಮಿನಿಗೆ ಒದ್ದೆ ಟವಲ್ ಬೇಕಾಗ್ಲಿಲ್ಲ.

ರೆಕೀನ ಎರಡು ಸಲ ಮಾಡಿದ್ವಿ, ಎರಡನೇದು ಡ್ರೈವ್‌ಗೆ ಸರಿಯಾಗಿ ಒಂದು ವಾರ ಮುಂಚೆ, ಭಾನುವಾರಾನೇ. ಆಗ ಆ ಒಳದಾರಿಗೆ ಹೋಗಿ ಆ ಅಕ್ಕನ ಮನೆ ಹುಡುಕಿದೆ. ಗುರುತು ಹಿಡಿದ್ರು, ಹುಡುಗನ ತಾಯಿ ಹೆಂಗಿದ್ದಾರೆ ಅಂತ ಕೇಳಿದ್ರು. ರಸ್ತೇಲಿ ಹುರುಳಿ ಇನ್ನೂ ಇತ್ತು, ಸಂಕ್ರಾಂತಿ ಕಳೆದು ಹತ್ತು ದಿನ ಆದ್ರೆ ಎಲ್ಲಾ ಎತ್ತಿರ್ತೀವಿ ಅಂದ್ರು. ವಾಪಸ್ ಬಂದವಳೇ 19 ಕಾರಿನವರಿಗೂ ಫೋನ್ ಮಾಡಿ ಡ್ರೈವನ್ನ ಜನವರಿ ಕೊನೇ ಭಾನುವಾರಕ್ಕೆ ತಳ್ಳಿದೆ. ಆಗಲೇ ರಜೆ ಹಾಕಿದ್ದವರಿಗೆ ಕೋಪ ಬಂತು, ಸಂಕ್ರಾಂತಿ ಡ್ರೈವ್ ಅಂದ್ಮೇಲೆ ಸಂಕ್ರಾಂತಿ ಹಿಂದೇನೇ ಇರ್ಬೇಕು ಅಂತ ಹಿರಿಯರೊಬ್ಬರು ವಾದ ಮಾಡಿದ್ರು. ಆದ್ರೂ 17 ಕಾರು ಬಂದ್ವು. ಆ ರಸ್ತೆ ಬರೀ ಟಾರು, ಬದೀಲಿ ಹೊಟ್ಟಿನ ಗುಡ್ಡೆ. ಹೊಸಹೊಳಲಿಗೆ ಕೊನೇ ಗುಂಪು ಮುಟ್ಟಿದ್ದು 12.40ಕ್ಕೆ, ಮಕ್ಕಳು ದೇವಸ್ಥಾನದ ಸುತ್ತ ಎರಡು ಸುತ್ತು ಹಾಕಿ ಹನುಮಂತನ್ನ ಎಣಿಸಿದ್ರು.

ದಾರೀಲಿ ನಿಂತು ನಾವು ಆ ಮನೆಯವರ ಹತ್ರ ಅರವತ್ತು ಸೇರು ಹುರುಳಿ ತಗೊಂಡ್ವಿ, ಗುಂಪು ಗುಂಪಾಗಿ ಹಂಚಿಕೊಂಡು. ಅಕ್ಕ ನನ್ನ ನಂಬರ್ ಗೋಡೆ ಮೇಲೆ ಇದ್ದಿಲಲ್ಲಿ ಬರ್ಕೊಂಡ್ರು. ಈಗ ತಾರೀಖು ನಿಗದಿ ಮಾಡೋದು ಹೀಗೆ: ರಸ್ತೆ ಖಾಲಿ ಆದ ಮೇಲೆ ಅವರು ಫೋನ್ ಮಾಡ್ತಾರೆ, ಅದಾದ ಮುಂದಿನ ಭಾನುವಾರ ಡ್ರೈವ್. ಈ ಸಲ ಮಳೆ ತಡ ಆಗಿ ಹುರುಳಿ ಬಿತ್ತಿದ್ದೂ ತಡ, ಫೋನ್ ಇನ್ನೂ ಬಂದಿಲ್ಲ, ತಾರೀಖು ಇನ್ನೂ ಹಾಕಿಲ್ಲ.